ಬಲಗಡೆ ಕೂತವರ ಎಂಜಿನ್

ಹೋದ ಸೋಮವಾರದಿಂದ ನಮ್ಮ ಮನೆಯಲ್ಲಿ 'ಹೂಂ' ಅನ್ನುವುದಕ್ಕೆ ನಿಷೇಧ.

ನಿಷೇಧ ಹೇರಿದವಳು ನಾನು. ಪಾಲಿಸಬೇಕಾದವರು ನನ್ನ ಗಂಡ. ಚಹಾ ಬೇಕಾದರೆ 'ಬೇಕು' ಅನ್ನಬೇಕು, ಬೇಡವಾದರೆ 'ಬೇಡ' ಅನ್ನಬೇಕು. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಅನ್ನಬೇಕು. ಮೊದಲಿನ ಎರಡು ರೂಢಿಯಾಗಿವೆ. ಮೂರನೆಯದು ಇನ್ನೂ ಅವರ ಬಾಯಿಂದ ಹೊರಬಿದ್ದಿಲ್ಲ. (ನಿಮ್ಮ ಮನೆಯವರು ಎಂದಾದರೂ ಅಂದಿದ್ದಾರೆಯೇ? ನೆನಪು ಮಾಡಿಕೊಳ್ಳಿ.)

ಒಂದು ಹೂಂಗೆ ಇಷ್ಟು ಸಿಟ್ಟೇ ಅಂತೀರಾ? ಆ ಹೂಂ ನನ್ನ ಕಾರನ್ನು ಕಡಿದು ಹಾಕಿತು.

ಈ ಪುಟವನ್ನು ತಪ್ಪದೆ ಓದುವವರಿಗೆ ನನ್ನ ಕೆಂಪು ಕಾರು ಗೊತ್ತು. ಹೊಸಬರಿಗಾಗಿ ಎರಡು ಮಾತು. ಇಟಲಿಯಲ್ಲಿ ಹುಟ್ಟಿದ್ದು. ಎರಡೇ ಸೀಟು. ನಿಂತರೆ ನನ್ನ ಎದೆಮಟ್ಟಕ್ಕೂ ಬರದಷ್ಟು ಗಿಡ್ಡ. ಮುಂದಿನ ಬಾನೆಟ್ ಎತ್ತಿದರೆ ಅಲ್ಲಿ ಎಂಜಿನ್ ಇಲ್ಲ, ಮಕ್ಕಳ ನೋಟ್‌ಬುಕ್ಕುಗಳ ಗಂಟು ಇರುತ್ತದೆ. ಎಂಜಿನ್ ಇರುವುದು ಸೀಟಿನ ಬೆನ್ನ ಹಿಂದೆ, ಹಿಂದಿನ ಗಾಲಿಗಳಿಗಿಂತ ಸ್ವಲ್ಪ ಮುಂದೆ. ಅಂದರೆ ಗಾಡಿಯ ಹೊಟ್ಟೆಯಲ್ಲಿ. ರೇಸಿನ ಕಾರುಗಳಿಗೆ ಹೀಗೇ ಇರುತ್ತದೆ. ಭಾರ ನಡುವಿನಲ್ಲಿದ್ದರೆ ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುತ್ತದೆ. (ನಾನು ಹಳಿಯಾಳದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಗುರುತ್ವ ಕೇಂದ್ರದ ಪಾಠಕ್ಕೆ ಬೋರ್ಡಿನ ಮೇಲೆ ಮೊದಲು ಬರೆಯುವುದು ಇದೇ ಕಾರಿನ ಚಿತ್ರ.)

ಇನ್ನೊಂದು ವಿಶೇಷವಿದೆ. ಇದರ ಸ್ಟೇರಿಂಗ್ ಎಡಗಡೆ.

ನಾನು ಎಡಕ್ಕೆ ಕೂತು ಓಡಿಸುತ್ತೇನೆ. ನಮ್ಮ ಮನೆಯವರು ಬಲಕ್ಕೆ ಕೂತು ಶೇಂಗಾ ತಿನ್ನುತ್ತಾರೆ. ಅವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಶಿಫ್ಟ್ ನೋಡಿಕೊಳ್ಳುವ ಸಾಹೇಬರು. ಡ್ರೈವಿಂಗ್ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಆದರೇನು, ಪೆಟ್ರೋಲ್ ಬಂಕಿನವನು ಬಲಗಡೆಯ ಕಿಟಕಿಗೇ ಬಗ್ಗುತ್ತಾನೆ. "ಎಷ್ಟ ಹಾಕ್ಲಿರಿ ಸಾಹೇಬ್ರ?" ಮೌಳಂಗಿಯ ಹತ್ತಿರ ಒಮ್ಮೆ ಪಂಕ್ಚರ್ ಆಯಿತು. ನಾನು ಸೆರಗು ಸಿಕ್ಕಿಸಿ ಗಾಲಿ ಬಿಚ್ಚುತ್ತಿದ್ದೆ. ಸೈಕಲ್ ಮೇಲೆ ಹೊರಟಿದ್ದ ಹಿರಿಯರೊಬ್ಬರು ಇಳಿದು ಬಂದು, ಮರದ ನೆರಳಿನಲ್ಲಿ ನಿಂತಿದ್ದ ಇವರಿಗೆ ಬೋಲ್ಟು ಯಾವ ಕಡೆ ತಿರುಗಿಸಬೇಕೆಂದು ವಿವರಿಸಿ ಹೋದರು. ಇವರು ಏನು ಅಂದರು ಅಂತ ಬೇರೆ ಹೇಳಬೇಕೇ?

ಈ ಕಾರು ನನ್ನ ಸೋದರಮಾವನದು. ಗುರುನಾಥ ಮಾಮಾ ವಾಸ್ಕೋದಲ್ಲಿ ಹಡಗಿನ ಕಂಪನಿಯೊಂದರ ನೌಕರಿಯಲ್ಲಿದ್ದರು. ಊರಿಗೆ ಮರಳಿ ಹೊರಟಿದ್ದ ವಿದೇಶಿ ಎಂಜಿನಿಯರನಿಂದ ಇದನ್ನು ಕೊಂಡರು. ಕಾಲೇಜಿನ ಸೂಟಿಯಲ್ಲಿ ಅವರ ಮನೆಗೆ ಹೋದಾಗ ನನಗೆ ಕ್ಲಚ್ಚು, ಗೇರು, ಘಟ್ಟದ ತಿರುವು ಎಲ್ಲವನ್ನೂ ಇದರಲ್ಲೇ ಕಲಿಸಿದರು. ಆಮೇಲೆ ಮಾಮಾನ ಕಣ್ಣಿಗೆ ಕಾಚಬಿಂದು ಬಂತು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿಯಿತು. ಆಗ ಕಾಗದಪತ್ರವನ್ನೆಲ್ಲ ನನ್ನ ಹೆಸರಿಗೆ ಮಾಡಿಸಿ ಬೀಗದ ಕೈ ಕೊಟ್ಟರು. "ನನಗ ಕಾಣಸೂದಿಲ್ಲ ಅಂದ್ರೇನಾತು, ಕೇಳಸತೈತಿ. ತಿಂಗಳಿಗೊಮ್ಮೆ ತಂದು ಆವಾಜ್ ಕೇಳಸು."

ಹಾಗೆ ಕೇಳಿಸಲು ಹೋಗಿ ಬರುವಾಗಲೇ ಅನಮೋಡ ಘಟ್ಟದಲ್ಲಿ ಎಂಜಿನ್ ಕಾದು, ಅದರ ಬ್ಲಾಕ್ ಸೀಳಿಹೋಯಿತು. ಗಾಡಿ ಲಾರಿಯ ಮೇಲೆ ನಮ್ಮೂರು ದಾಂಡೇಲಿಗೆ ಬಂತು.

ಹೊಸ ಎಂಜಿನ್ ಹಾಕಿಸಬೇಕು. ಯಾವುದು?

ಇಡೀ ದಾಂಡೇಲಿಗೆ ಉತ್ತರ ಗೊತ್ತಿತ್ತು. ಡೀಸೆಲ್! ಎದುರು ಮನೆಯ ಪಾಟೀಲರು ನಮ್ಮ ಪಡಸಾಲೆಯಲ್ಲಿ ಕೂತು, "ಪೆಟ್ರೋಲ್ ಅಂದ್ರ ಆನಿ ಸಾಕಿದಂಗ ರೀ ಸಾಹೇಬ್ರ. ಡೀಸೆಲ್ ಹಾಕಸಿಬಿಡ್ರಿ, ಆವರೇಜ್ ನೋಡ್ರಿ ಆಮ್ಯಾಲ" ಎಂದರು. ಹಳಿಯಾಳದಲ್ಲಿ ಕಬ್ಬಿನ ಟ್ರ್ಯಾಕ್ಟರ್ ರಿಪೇರಿ ಮಾಡುವ ಅವರ ತಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಟ್ರ್ಯಾಕ್ಟರ್ ಎಂಜಿನ್ನ ಕೂಡಸೂಣು. ಬೇಕಾದ್ರ ಕಬ್ಬೂ ಜಗ್ಗತೈತಿ." ಎಲ್ಲರೂ ಹೋ ಎಂದು ನಕ್ಕರು. ಇದಿಷ್ಟನ್ನೂ ಅವರು ಹೇಳಿದ್ದು ನನ್ನ ಗಂಡನಿಗೆ. ಗಾಡಿಯ ಒಡತಿ ಅವರ ಮುಂದೆಯೇ ಚಹಾದ ತಾಟು ಹಿಡಿದು ನಿಂತಿದ್ದಳು.

ಊರ ಉಸಾಬರಿ ಊರಿಗಿರಲಿ ಎಂದು ನಾನು ನನ್ನ ಲೆಕ್ಕ ಶುರು ಮಾಡಿದೆ. ಹಳೆಯ ಎಂಜಿನ್ನಿನ ಬಿಡಿಭಾಗ ಈ ದೇಶದಲ್ಲಿಲ್ಲ. ಆದರೆ ಅದೇ ಇಟಲಿಯವರ ಸಣ್ಣ ಕಾರೊಂದು ಈಚೆಗೆ ನಮ್ಮಲ್ಲೂ ಓಡಾಡುತ್ತಿದೆ. ಅದರಲ್ಲಿ ಎರಡು ಬಗೆ. ಪೆಟ್ರೋಲ್ ಎಂಜಿನ್ ಹಗುರ, ನಮ್ಮ ಗಾಡಿಯ ಹೊಟ್ಟೆಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಡೀಸೆಲ್ ಎಂಜಿನ್ ನಾಲ್ಕು ಬೆರಳು ಎತ್ತರ, ಮೇಲೆ ಒಬ್ಬ ಗಟ್ಟಿ ಆಳಿನಷ್ಟು ಹೆಚ್ಚಿನ ಭಾರ. ಆ ಆಳನ್ನು ಈ ಕಾರಿನ ಬೆನ್ನಿಗೆ ಕಟ್ಟಿದರೆ ತಿರುವಿನಲ್ಲಿ ಬಾಲ ಬೀಸುತ್ತದೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ, ಒಂಬತ್ತನೇ ಇಯತ್ತೆಯ ವಿಜ್ಞಾನ ಸಾಕು.

ರಟ್ಟಿನಲ್ಲಿ ಎಂಜಿನ್ ಕೂರುವ ಜಾಗದ ಅಳತೆ ಕತ್ತರಿಸಿಕೊಂಡೆ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. (ಪಕ್ಕದ ಹೆಂಗಸು ಏನವ್ವಾ ಇದು, ಗಣಪತಿ ಮಂಟಪಾ ಏನು ಎಂದು ಕೇಳಿದಳು.) ಮೂರು ಭಾನುವಾರ ಗುಜರಿ ಅಂಗಡಿಗಳನ್ನು ಸುತ್ತಿದ ಮೇಲೆ, ಅಪಘಾತವಾಗಿ ಮುಂಭಾಗ ಜಜ್ಜಿಹೋದ ಕಾರೊಂದರಲ್ಲಿ ಸಿಕ್ಕಿತು. ಪೆಟ್ರೋಲ್ ಎಂಜಿನ್, ಒಂದು ಗೀರೂ ಇಲ್ಲ. ಅಂಗಡಿಯವರು "ಯಜಮಾನ್ರು ಬರ್ಲಿಲ್ಲೇನ್ರಿ?" ಎಂದರು. ನಾನು ರಟ್ಟು ಹಿಡಿದು ಅಳೆದೆ. ಸರಿಹೊಂದಿತು. ಅಲ್ಲೇ ಕುಣಿಯಬೇಕು ಅನಿಸಿತ್ತು.

ಅದನ್ನು ಎತ್ತಿಡಲು ಹೇಳಿ ಬಂದೆ. ಎಂಜಿನ್ ನಂಬರು, ಅಳತೆಯ ಚಿತ್ರ ಬರೆದು, ಹೋಗಿ ತಂದು ಕೂರಿಸಲು ಕಲ್ಲಪ್ಪ ಮಿಸ್ತ್ರಿಯ ಕೈಗೆ ಕೊಟ್ಟೆ. ಕಲ್ಲಪ್ಪ ಬೆಳಗಾವಿ ಕಡೆಯವನು, ಹಳಿಯಾಳ ರಸ್ತೆಯಲ್ಲಿ ಗ್ಯಾರೇಜು. ಕೈಯಲ್ಲಿ ನಿಜವಾಗಿಯೂ ವಿದ್ಯೆ ಇದೆ. ಚಿತ್ರ ನೋಡಿ, "ಬಾಯಾರ, ಇಷ್ಟ ಚೊಕ್ಕ ಲೆಕ್ಕಾ ಯಾರೂ ಹಾಕಿ ಕೊಟ್ಟಿದ್ದಿಲ್ರಿ. ನೀವು ಹೇಳಿದಂಗ ಮಾಡೂಣು" ಎಂದ. ನಾನು ನಂಬಿದೆ. ಎಸ್ಸೆಸ್ಸೆಲ್ಸಿ ಪೂರಕ ಪರೀಕ್ಷೆಯ ಪೇಪರು ತಿದ್ದಲು ಧಾರವಾಡಕ್ಕೆ ಹೋದೆ.

ಹತ್ತು ದಿನ. ಅಷ್ಟೇ ಸಾಕಾಯಿತು.

ತಿರುಗಿ ಬಂದವಳು ಬ್ಯಾಗು ಹಿಡಿದೇ ಗ್ಯಾರೇಜಿಗೆ ಇಳಿದೆ. ದೂರದಿಂದಲೇ ಸಪ್ಪಳ ಕೇಳಿತು. ಹಿಟ್ಟಿನ ಗಿರಣಿ ನಡೆದ ಹಾಗೆ. ಒಳಗೆ ಹೋಗಿ ನೋಡಿದರೆ ನನ್ನ ಕಾರು ನಡುಗುತ್ತ ನಿಂತಿದೆ. ಹಿಂದಿನ ಮುಚ್ಚಳವನ್ನು ಗ್ಯಾಸ್ ಕಟರಿನಿಂದ ಚೌಕಾಕಾರ ಕೊರೆದಿದ್ದಾರೆ. ಸೀಟಿನ ಹಿಂದಿನ ತಗಡನ್ನೂ ಕಡಿದಿದ್ದಾರೆ. ಆ ತೂತಿನಿಂದ ಡೀಸೆಲ್ ಎಂಜಿನ್ನಿನ ತಲೆ ಹೊರಗೆ ಇಣುಕುತ್ತಿದೆ.

"ಏನಿದು ಕಲ್ಲಪ್ಪಾ?"

"ಅದ ಗುಜರ್ಯಾಗ ಡೀಸೆಲ್ಲೂ ಒಂದ ಬಂದಿತ್ರಿ ಬಾಯಾರ. ಪಾಟೀಲ್ ಸಾಹೇಬ್ರೂ ಅದ ಛಲೋ ಅಂದ್ರು. ನಾ ಆದ್ರೂ ಸುಮ್ಮ ಹಾಕಲಿಲ್ಲ ಮತ್ತ. ಮಿಲ್ಲಿಗೆ ಫೋನ್ ಮಾಡಿ ನಿಮ್ಮ ಸಾಹೇಬ್ರನ್ನ ಕೇಳಿದ್ನಿ. ಹೂಂ ಅಂದ್ರು."

"ಗಾಡಿ ಯಾರದು?"

"ನಿಮ್ಮ ಮನೀದ ಅಲ್ಲೇನ್ರಿ?"

"ಯಾರ ಹೆಸರಿಗೈತಿ?"

"ಹೆಸರು ಯಾರದಿದ್ರ ಏನ್ರಿ ಬಾಯಾರ," ಎಂದು ಕಲ್ಲಪ್ಪ ನಕ್ಕ. ಕುಹಕದ ನಗುವಲ್ಲ. ಮಗು ಏನೋ ಹಟ ಮಾಡಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಎಂಜಿನ್ ತೆಗೆದು ಬೇರೆ ಹಾಕಬಹುದು. ಕಡಿದ ಮೈಯನ್ನು ಏನು ಮಾಡುವುದು? ಅಳು ಬಂತು. ಅಲ್ಲಿ ಅತ್ತರೆ ಹೆಂಗಸಿಗೇಕೆ ಕಾರು ಅನ್ನುವವರಿಗೆ ಅದೂ ಒಂದು ಸಾಕ್ಷಿಯಾಗುತ್ತದೆ ಎಂದು ನುಂಗಿಕೊಂಡು ಮನೆಗೆ ನಡೆದೆ.

ಮನೆಯಲ್ಲಿ ಕೇಳಿದೆ, "ಯಾಕ ಹೂಂ ಅಂದ್ರಿ?"

"ಅಂವಾ ಕೇಳಿದ, ಅಂದೆ. ನನಗೇನ ತಿಳೀತೈತಿ ಅದರಾಗ?"

"ತಿಳಿಯೂದಿಲ್ಲ, ಆಕೀನ್ನ ಕೇಳು ಅಂತ ಹೇಳೂದೇನಾಗಿತ್ತು?"

ಕೊನೆಗೆ ಇವರು ನಿಜ ಹೇಳಿದರು. "ಫೋನಿನ ಮುಂದ ನಾಕ ಮಂದಿ ಕುಂತಿದ್ರು."

ನೋಡಿ, ಇದು ವಿಷಯ! ನನ್ನ ಗಂಡ ಕೆಟ್ಟವರಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ, ನನ್ನ ಕಾರಿನಲ್ಲಿ ಕೂರಲು ನಾಚಿದವರಲ್ಲ. ಆದರೆ ನಾಲ್ಕು ಜನರ ಮುಂದೆ 'ನನಗೆ ಗೊತ್ತಿಲ್ಲ, ನನ್ನ ಹೆಂಡತಿಗೆ ಗೊತ್ತು' ಎಂಬ ಒಂದು ವಾಕ್ಯ ಹೇಳುವುದಕ್ಕಿಂತ ನನ್ನ ಕಾರಿನ ಮೈಗೆ ಗ್ಯಾಸ್ ಕಟರ್ ಹಚ್ಚಿಸುವುದು ಅವರಿಗೆ ಸುಲಭವಾಯಿತು. ಆ ನಾಲ್ಕು ಜನರಾದರೂ ಯಾರು? ಅವರಲ್ಲೊಬ್ಬರಿಗೂ ಎಂಜಿನ್ ಎಂದರೇನೆಂದು ಗೊತ್ತಿರಲಿಕ್ಕಿಲ್ಲ. ಅವರೂ ಮನೆಯಲ್ಲಿ ಹೂಂ ಅನ್ನುವವರೇ.

ಮಾಮಾ ಹೊಸ ಎಂಜಿನ್ನಿನ ಆವಾಜ್ ಕೇಳಲು ಭಾನುವಾರ ಬರುವುದೆಂದು ಮೊದಲೇ ನಿಗದಿಯಾಗಿತ್ತು. ಬರಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಬಸ್ಸಿಳಿದು ನನ್ನ ಕೈ ಹಿಡಿದು ಬಂದವರು, ಮನೆಯ ಮುಂದೆ ತಂದು ನಿಲ್ಲಿಸಿದ್ದ ಕಾರಿನ ಹತ್ತಿರ ನೇರ ಹೋದರು. ಮುಂದಿನಿಂದ ಹಿಂದಕ್ಕೆ ಅಂಗೈ ಸವರುತ್ತ ಬಂದರು. ಕೊರೆದ ಅಂಚಿಗೆ ಬೆರಳು ತಾಗಿದಾಗ ನಿಂತರು. ಚೌಕದ ನಾಲ್ಕೂ ಬದಿಯನ್ನು ಮುಟ್ಟಿ ನೋಡಿದರು. "ಘಟ್ಟದ ಕಡೆ ಹೋಗೂಣು ನಡಿ" ಎಂದು ಬಲಗಡೆ ಕೂತರು. ನನ್ನ ಗಂಡ ಹಿತ್ತಿಲಿಗೆ ಹೋದರು, ಅಲ್ಲಿ ಏನು ಕೆಲಸವಿತ್ತೋ.

ಗಣೇಶಗುಡಿಯ ದಾರಿಯಲ್ಲಿ ಮಾತಾಡಿದರೂ ಆ ಸಪ್ಪಳದಲ್ಲಿ ಕೇಳುತ್ತಿರಲಿಲ್ಲ. ತಿರುವಿನಲ್ಲಿ ಗಾಡಿಯ ಹಿಂಭಾಗ ನಾನು ಹೇಳಿದಂತೆಯೇ ಹೊರಕ್ಕೆ ಎಳೆಯಿತು. ನನ್ನ ಲೆಕ್ಕ ಸರಿಯಿತ್ತು ಎಂದು ಸಂತೋಷಪಡಬೇಕೇ? ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಸೈಕಲ್ ಹೋಗುವ ವೇಗದಲ್ಲಿ ಏರಿದೆ.

ಕಾಡಿನ ಗೇಟಿನಲ್ಲಿ ತಡೆದರು. ಗೇಟಿನವನು ರಿಜಿಸ್ಟರ್ ಹಿಡಿದು ಬಂದ. ಎಲ್ಲಿಗೆ ಬಂದ ಅಂತೀರಿ? ಬಲಗಡೆಗೆ. ಕಪ್ಪು ಕನ್ನಡಕ ಹಾಕಿ, ಮೊಣಕಾಲ ನಡುವೆ ಬಿಳಿ ಕೋಲು ನಿಲ್ಲಿಸಿಕೊಂಡು ಕೂತ ಮಾಮಾನನ್ನು ಕೇಳಿದ.

"ಡ್ರೈವರ್ ಹೆಸರು ಹೇಳ್ರಿ."

"ಸುಮಂಗಲಾ," ಎಂದರು ಮಾಮಾ.

"ಅವರದಲ್ರಿ ಅಜ್ಜಾರ, ನಿಮ್ಮದು."

"ತಮ್ಮಾ, ನನಗ ಕಣ್ಣಿಲ್ಲೋ."

ಅವನು ಒಂದು ಕ್ಷಣ ಮಾಮಾನನ್ನು ನೋಡಿದ, ನನ್ನನ್ನು ನೋಡಿದ, ನನ್ನ ಕೈಯಲ್ಲಿದ್ದ ಸ್ಟೇರಿಂಗನ್ನೂ ನೋಡಿದ. ಕೊನೆಗೆ, "ಇರ್ಲಿ, ಹೆಸರಷ್ಟ ಹೇಳ್ರಿ" ಎಂದು ಗುರುನಾಥ ಎಂದೇ ಬರೆದುಕೊಂಡು ಗೇಟು ಎತ್ತಿದ. ಮಾಮಾ ನಕ್ಕರು. ನನಗೆ ನಗು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮರಳಿ ಬಂದ ಮೇಲೆ ಮಾಮಾ ಒಂದೇ ಮಾತು ಹೇಳಿದರು. "ತಗಸು ಅದನ್ನ."

ಸೋಮವಾರ ತೆಗೆಸಿದೆ. ಮನೆಯಲ್ಲಿ ನಿಷೇಧವೂ ಅಂದಿನಿಂದಲೇ. ಗುರುವಾರ ರಜೆ ಹಾಕಿ ಹುಬ್ಬಳ್ಳಿಗೆ ಓಡಿದೆ. ಇವರೂ ಬಂದರು, ಪಶ್ಚಾತ್ತಾಪವಿತ್ತು. ಗುಜರಿಯಲ್ಲಿ ನನ್ನ ಪೆಟ್ರೋಲ್ ಎಂಜಿನ್ ಇರಲಿಲ್ಲ. ನಮ್ಮ ಮಿಸ್ತ್ರಿ ಬೇಡ ಎಂದ ಮರುದಿನವೇ ಯಾರೋ ಒಯ್ದಿದ್ದರು. ಅಂಗಡಿಯವರು ನನ್ನನ್ನು ದಾಟಿ ಇವರ ಕಡೆ ತಿರುಗಿದರು. "ಮತ್ತ ಯಾವ ಎಂಜಿನ್ ನೋಡೂಣ್ರಿ ಸಾಹೇಬ್ರ?"

ನಾನು ಇವರ ಮುಖ ನೋಡಿದೆ. ಹೂಂ ಅನ್ನಲಿಲ್ಲ, ಅದು ನಿಜ. 'ಗೊತ್ತಿಲ್ಲ, ಆಕೀನ್ನ ಕೇಳ್ರಿ' ಅಂತಲೂ ಅನ್ನಲಿಲ್ಲ. ಕೆಮ್ಮಿದರು.

ಈಗ ಕಾರು ಹೊಟ್ಟೆ ಖಾಲಿಯಾಗಿ ಕಲ್ಲಪ್ಪನ ಗ್ಯಾರೇಜಿನಲ್ಲಿ ನಿಂತಿದೆ. ನಾನು ದಿನಾ ಬಸ್ಸಿನಲ್ಲಿ ನಿಂತು ಹಳಿಯಾಳಕ್ಕೆ ಹೋಗುತ್ತೇನೆ. ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲದ ಇನ್ನೊಂದು ಎಂಜಿನ್ನಿಗಾಗಿ ಭಾನುವಾರಗಳನ್ನು ಎಣಿಸುತ್ತಿದ್ದೇನೆ. ಮಾಮಾನಿಗೆ ಕೇಳಿಸಲು ನನ್ನ ಹತ್ತಿರ ಯಾವ ಆವಾಜೂ ಇಲ್ಲ. ಅವರಿಗೆ ಇನ್ನೆಷ್ಟು ಭಾನುವಾರ ಬಸ್ಸು ಹತ್ತುವ ಶಕ್ತಿ ಇದೆಯೋ, ಅದೂ ಗೊತ್ತಿಲ್ಲ.

ನಿನ್ನೆ ಪಾಟೀಲರ ಹೆಂಡತಿ ಒಂದು ಡಬ್ಬಿ ಹೋಳಿಗೆ ತಂದರು. ಡಬ್ಬಿಯನ್ನು ನನ್ನ ಕೈಗೆ ಕೊಡುತ್ತ, "ಇಷ್ಟ ಸಿಟ್ಟ ಮಾಡಬಾರದವಾ ಸುಮಂಗಲಾ. ಪಾಪ, ಸಾಹೇಬ್ರು ಎಷ್ಟ ಸೊರಗ್ಯಾರ ನೋಡು" ಎಂದರು. ಶಾಲೆಯಲ್ಲಿ ಹೆಡ್‌ಮಾಸ್ತರರೂ ಅದನ್ನೇ ಹೇಳಿದರು. ಕಲ್ಲಪ್ಪನೂ ಅದನ್ನೇ ಹೇಳಿದ. ನನ್ನ ತಾಯಿ ಫೋನು ಮಾಡಿ ಅಳಿಯನ ಊಟ ತಿಂಡಿ ವಿಚಾರಿಸಿಕೊಂಡರು.

ಇಲ್ಲಿಯವರೆಗೆ ಓದಿದ ನಿಮಗೂ ನಡುವೆ ಎಲ್ಲೋ ಒಮ್ಮೆ 'ಪಾಪ' ಅನಿಸಿರಬೇಕಲ್ಲ, ನಿಜ ಹೇಳಿ, ಯಾರ ಬಗ್ಗೆ ಅನಿಸಿತು?