ನೀಲಮ್ಮ ಟೀಚರ್ ಅವರ ನೆಗೆಟಿವ್

ಧಾರವಾಡದ ಕಲಾ ಕಾಲೇಜೊಂದರಲ್ಲಿ ಛಾಯಾಚಿತ್ರ ಕಲೆಯ ಪ್ರಾಧ್ಯಾಪಕಿಯಾಗಿ ನನಗೆ ಅದು ಇಪ್ಪತ್ತೊಂದನೆಯ ವರ್ಷ. ನನ್ನನ್ನು ತಿದ್ದಿದ ಗುರುಗಳು ಇಬ್ಬರು. ಮೊದಲನೆಯವರು ನಾನು ವಿದ್ಯಾರ್ಥಿನಿಯಾಗಿದ್ದಾಗ ಕಲಿಸಿದವರು. ಕ್ಯಾಮೆರಾ ಕಂಡದ್ದೇ ಸತ್ಯ, ನೆಗೆಟಿವ್ ಮೇಲೆ ಕೈ ಆಡಿಸುವುದು ಸ್ಟುಡಿಯೋದವರ ಕಸುಬು, ಕಲೆಯಲ್ಲ ಎಂದು ಅವರು ಹೇಳುತ್ತಿದ್ದರು. ಆ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡಿದ್ದೆ. ಗಂಟು ಬಿಚ್ಚಿದವರು ಎರಡನೆಯ ಗುರು. ಅವರು ಸಿಕ್ಕಿದ್ದು ನಾನು ಮಾಡಿದ ಒಂದು ದೊಡ್ಡ ತಪ್ಪಿನಿಂದ.

ನವನಗರದ ನಿವೃತ್ತ ಶಿಕ್ಷಕಿ ನೀಲಮ್ಮ ಒಂದು ದಿನ ಹಳೆಯ ಕಾಗದದ ಕವರು ಹಿಡಿದು ವಿಭಾಗಕ್ಕೆ ಬಂದರು. ಒಳಗೆ ಅಂಗೈಯಗಲದ ಒಂದು ನೆಗೆಟಿವ್ ಇತ್ತು. ಅವರು ಐದು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಗೋಡೆಯ ಮೇಲಿದ್ದ ತಾಯಿಯ ಫೋಟೋ ನೀರು ಸೋರಿ ಗಾಜಿಗೆ ಅಂಟಿ ಹಾಳಾಗಿತ್ತು. ಫೋನಿನಲ್ಲಿ ತೆಗೆದ ಪ್ರತಿ ಒಂದಿತ್ತು, ಆದರೆ ಟ್ಯೂಬ್‌ಲೈಟಿನ ಹೊಳಪು ಸರಿಯಾಗಿ ಮುಖದ ಮೇಲೇ ಬಿದ್ದಿತ್ತು. ಎಂಟು ದಿನಕ್ಕೆ ತಾಯಿಯ ಪುಣ್ಯತಿಥಿ.

"ಅವ್ವನ ಮುಖ ನನಗ ನೆನಪಿಲ್ರಿ ಮೇಡಂ. ಆ ಫೋಟೋನ ನಮ್ಮವ್ವ. ಛಲೋತಂಗ ಮಾಡಿಕೊಡ್ರಿ" ಎಂದರು.

ಹಳೆಯ ನೆಗೆಟಿವ್ ಬಂದರೆ ಮೊದಲು ಇದ್ದಂತೆಯೇ ಸ್ಕ್ಯಾನ್ ಮಾಡಬೇಕು, ಆಮೇಲೆ ಮುಟ್ಟಬೇಕು. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಇದನ್ನು ಹೇಳುವವಳು ನಾನೇ. ಆದರೆ ಅವತ್ತು ಅವಸರ. ಮುಖದ ಭಾಗದಲ್ಲಿ ಬೂದು ಬಣ್ಣದ ಮಸಿ ಕಂಡಿತು. ಕೊಳೆ ಎಂದುಕೊಂಡು ಹತ್ತಿಗೆ ಕ್ಲೀನರ್ ಹಚ್ಚಿ ಎರಡೂ ಬದಿ ಒರೆಸಿದೆ. ಹತ್ತಿ ಕಪ್ಪಾಗಿದ್ದು ಕಂಡು ಖುಷಿಯೂ ಆಯಿತು.

ಸ್ಕ್ಯಾನ್ ಪರದೆಯ ಮೇಲೆ ಬಂತು. ಆ ಹೆಣ್ಣುಮಗಳ ಕಣ್ಣು ಮುಚ್ಚಿದ್ದವು. ಮುಚ್ಚಿದ ರೆಪ್ಪೆಗಳ ಮೇಲೆ ಎರಡು ಕಪ್ಪು ಚುಕ್ಕೆ ಮಾತ್ರ ಇದ್ದವು. ನಾನು ಒರೆಸಿದ್ದು ಕೊಳೆಯಲ್ಲ, ಯಾರೋ ಪೆನ್ಸಿಲ್ಲಿನಲ್ಲಿ ಬರೆದ ಕಣ್ಣು. ಕಂಪ್ಯೂಟರಿನಲ್ಲಿ ಎರಡು ದಿನ ಕಣ್ಣು ಬರೆದು ನೋಡಿದೆ. ಪ್ರತಿ ಸಲವೂ ಬೇರೆ ಯಾರೋ ಹೆಂಗಸು ನನ್ನತ್ತ ನೋಡುತ್ತಿದ್ದಳು.

ಕವರಿನ ಮೇಲೆ ಸ್ಟುಡಿಯೋದ ಮುದ್ರೆ ಇತ್ತು, ಮೂಲೆಯಲ್ಲಿ ತಿದ್ದಿದವರ ಹೆಸರು 'ರಿಟಚ್: ವಾಮನ' ಎಂದಿತ್ತು. ಹುಬ್ಬಳ್ಳಿಯ ಆ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹಳೆಯ ಫೋಟೋಗ್ರಾಫರುಗಳನ್ನು ಕೇಳುತ್ತಾ ಹೋಗಿ ಉಣಕಲ್‌ನಲ್ಲಿ ವಾಮನರಾಯರ ಮನೆ ಹಿಡಿದೆ. ವಯಸ್ಸು ಎಂಬತ್ತೈದರ ಮೇಲೆ, ಕೈ ನಡುಗುತ್ತಿತ್ತು. ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾರು ಒರಿಸಿದವರು?"

"ನಾನೇ ರೀ."

"ಭಾಳ ಸ್ವಚ್ಛ ಒರಿಸೀರಿ" ಎಂದು ನಕ್ಕರು. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಅವರೇ ಹೇಳಿದರು. "ಇದು ಜೀವ ಹೋದ ಮ್ಯಾಲೆ ತಗದದ್ದು. ಮಣ್ಣಿಗೆ ಒಯ್ಯೂಕಿಂತ ಮೊದಲ ಅವರ ಮಂದ್ಯಾಗ ಸತ್ತವರನ್ನ ಕೂಡಸ್ತಾರಲ್ಲ, ಆವಾಗ. ಆಕಿ ಗಂಡ ಬಂದು, ಕೂಸಿನ ಸಲುವಾಗಿ ಕಣ್ಣ ತೆರಿಸಿ ಕೊಡ್ರಿ ಅಂದ. ಆಕಿ ಕಣ್ಣ ನಾ ಎಲ್ಲಿ ನೋಡೇನಿ? ಕೂಸಿನ್ನ ಕರಕೊಂಡು ಬರ್ರಿ ಅಂದೆ. ಕೂಸಿನ ಕಣ್ಣ ನೋಡಿ ತಾಯಿ ಕಣ್ಣ ಬರದೆ."

ಕಲೆಯಲ್ಲ ಎಂದು ನಾನು ಇಪ್ಪತ್ತೊಂದು ವರ್ಷ ಪಾಠ ಮಾಡಿದ್ದು ಇದನ್ನೇ.

"ಮತ್ತೊಮ್ಮೆ ಬರೆಯಬಹುದೇ?" ಎಂದು ಕೇಳಿದೆ.

"ಬರೀಬಹುದು. ಖರೇ, ಆ ಕೂಸು ಮತ್ತ ಬಂದು ಕೂಡಬೇಕು."

ಅಂದರೆ ನೀಲಮ್ಮನವರಿಗೆ ಎಲ್ಲವನ್ನೂ ಹೇಳಬೇಕು. ಬದುಕಿದ್ದ ತಾಯಿಯ ಚಿತ್ರ ಎಂದು ಆರು ದಶಕ ಪೂಜಿಸಿದ್ದನ್ನು, ಅದು ಹಾಗಲ್ಲ ಎಂದು ನನ್ನ ಬಾಯಿಂದ ಹೇಳಬೇಕು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನವನಗರಕ್ಕೆ ಹೋದೆ, ಹೇಳಿದೆ. ಅವರು ಅಳಲಿಲ್ಲ. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

"ಅಂದ್ರ ಇಷ್ಟ ವರ್ಷ ನಾ ನನ್ನ ಕಣ್ಣಿಗೇ ಕೈ ಮುಗದೇನಿ ಏನ್ರಿ?"

ವಾಮನರಾಯರ ವಿಳಾಸ ಬರೆದುಕೊಟ್ಟೆ. ಮರುದಿನ ಉಣಕಲ್‌ಗೆ ಅವರೇ ನನಗಿಂತ ಮೊದಲು ಬಂದಿದ್ದರು. ಅದೇ ಪ್ರಶ್ನೆಯನ್ನು ವಾಮನರಾಯರಿಗೂ ಕೇಳಿದರು.

"ಇಲ್ಲವ್ವಾ" ಎಂದರು ವಾಮನರಾಯರು. "ಆ ಕಣ್ಣ ನಿನಗ ಕೊಟ್ಟಾಕಿ ಆಕೀನ. ಎರಡು ದಿನ ಆಕಿ ಸಲುವಾಗಿ ನಿನ್ನ ಕಡಿಂದ ಕಡಾ ಇಸಗೊಂಡೆ, ಅಷ್ಟ."

ನೀಲಮ್ಮ ಕಿಟಕಿಯ ಪಕ್ಕ ಕುಳಿತರು. ಪೆನ್ಸಿಲ್ ತುದಿಯನ್ನು ಸೂಜಿಯಂತೆ ಚೂಪು ಮಾಡಿಸಿ ವಾಮನರಾಯರು ನನ್ನ ಕೈಗೆ ಕೊಟ್ಟರು. ಬರೆಯುವ ಕೈ ನನ್ನದು, ನೋಡುವ ಕಣ್ಣು ಅವರದು. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಚಿತ್ರದಲ್ಲಿ ಬಿಳಿಯಾಗುತ್ತದೆ. ಹಾಗಾಗಿ ಕಣ್ಣಿನ ಬಿಳಿಯನ್ನು ಪೆನ್ಸಿಲ್ಲಿನಿಂದ ಕಟ್ಟಬೇಕು. "ಗೆರಿ ಎಳೀಬ್ಯಾಡ್ರಿ, ಚುಕ್ಕಿ ಇಡ್ರಿ. ಗುಡ್ಡಿ ಮುಟ್ಟಬ್ಯಾಡ್ರಿ. ಆ ಕರಿ ಚುಕ್ಕಿ ನಾ ಚಾಕೂಲೆ ಕೆರದದ್ದು. ಅದನ್ನ ಒರಸೂದು ನಿಮ್ಮ ಕಡಿಂದ ಆಗಿಲ್ಲ." ನೀಲಮ್ಮನವರ ಮುಖವನ್ನು ಅವರು ಎಷ್ಟು ಪ್ರೀತಿಯಿಂದ ನೋಡುತ್ತಿದ್ದರೆಂದರೆ, ನಾನು ಜೀವಮಾನದಲ್ಲಿ ಯಾರ ಮುಖವನ್ನೂ ಹಾಗೆ ನೋಡಿಲ್ಲ ಅನ್ನಿಸಿತು. "ರೆಪ್ಪಿ ಜೋತಾವ, ಕಣ್ಣ ಅವೇ ಅದಾವ" ಎಂದರು.

ಎರಡು ಮಧ್ಯಾಹ್ನ ಹಿಡಿಯಿತು. ಹಿಂದಿನ ಕಣ್ಣಿನಷ್ಟು ಚೆನ್ನಾಗಿ ಬಂತೆಂದು ನಾನು ಹೇಳಲಾರೆ. ಎಡಗಣ್ಣಿನಲ್ಲಿ ನನ್ನ ಒರಟು ಕೈ ಕಾಣುತ್ತದೆ. ಆದರೆ ಅವಳು ಬೇರೆ ಯಾರೋ ಆಗಿರಲಿಲ್ಲ. ನೀಲಮ್ಮ ನೋಡಿ, "ಬಂದ್ಲು" ಎಂದರು.

ಪುಣ್ಯತಿಥಿಯ ಹಿಂದಿನ ದಿನ ಪ್ರಿಂಟ್ ಒಯ್ಯಲು ಬಂದವರು ಇನ್ನೊಂದು ಪ್ರತಿಯನ್ನೂ ಕೇಳಿದರು. ನಾನು ಒರೆಸಿದ ಮೇಲೆ ಸ್ಕ್ಯಾನಿನಲ್ಲಿ ಬಂದ, ಕಣ್ಣು ಮುಚ್ಚಿದ ಮುಖದ ಪ್ರತಿ. ಕಪ್ಪು ಚುಕ್ಕೆ ತೆಗೆದು ಮಾಡಿಕೊಟ್ಟೆ. ಯಾಕೆಂದು ಕೇಳಲು ಧೈರ್ಯವಾಗಲಿಲ್ಲ, ಅವರೇ ಹೇಳಿದರು.

"ಗ್ವಾಡಿ ಮ್ಯಾಲಿನ ಫೋಟೋದಾಗ ನಾವಿಬ್ಬರೂ ಅದೇವಿ. ಇದರಾಗ ಅವ್ವ ಒಬ್ಬಾಕೀನ ಅದಾಳ. ಇದು ನನ್ನ ಕಡೆ ಇರಲಿ."

ಈಗ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮೊದಲ ಪಾಠ ಉಣಕಲ್‌ನ ಆ ಕಿಟಕಿಯ ಬಳಿ ನಡೆಯುತ್ತದೆ. ಕೊಳೆ ಎಂದು ಕೈ ಹಾಕುವ ಮೊದಲು ಅಲ್ಲಿ ಯಾರ ಕೈ ಇದೆ ಎಂದು ಕೇಳಬೇಕು. ವೃತ್ತಿ ನನಗೆ ಕಲಿಸಿದ್ದರಲ್ಲಿ ಇದಕ್ಕಿಂತ ದೊಡ್ಡದಿಲ್ಲ. ವಾಮನರಾಯರು ಅದನ್ನು ಅವರದೇ ರೀತಿಯಲ್ಲಿ ಹೇಳುತ್ತಾರೆ: "ನಿಮ್ಮ ಮೇಡಂ ಭಾಳ ಸ್ವಚ್ಛ ಒರಸ್ತಾರ. ನೀವು ಅಷ್ಟು ಶ್ಯಾಣ್ಯಾರ ಆಗಬ್ಯಾಡ್ರಿ."