ತಲೆಕಟ್ಟಿನ ತಗಡು

ನಮ್ಮಣ್ಣ ತಗಡಿನಲ್ಲಿ ಅಕ್ಷರ ಕೊರೆಯುತ್ತಿದ್ದ. ಕುಂಬಾರಕೊಪ್ಪಲಿನ ನಮ್ಮ ಮನೆಯ ಜಗಲಿಯೇ ಅವನ ಕಾರ್ಖಾನೆ. ತಗಡನ್ನು ದಿಮ್ಮಿಯ ಮೇಲಿಟ್ಟು ಸಣ್ಣ ಉಳಿಯಿಂದ ಅಕ್ಷರದ ಆಕಾರಕ್ಕೆ ತೂತು ತೆಗೆಯುವುದು, ಅದನ್ನು ಪೆಟ್ಟಿಗೆಯ ಮೇಲೆ ಒತ್ತಿ ಹಿಡಿದು ಬಣ್ಣ ಬಳಿಯುವುದು. ತಗಡು ತೆಗೆದರೆ ದಪ್ಪ ಅಕ್ಷರ ಮೂಡಿರುತ್ತಿತ್ತು. ತೊಂಬತ್ತರ ದಶಕದಲ್ಲಿ ಡ್ರಮ್ಮು, ಮೂಟೆ, ಲಾರಿಯ ಹಿಂಬಾಗಿಲು ಎಲ್ಲದರ ಮೇಲೂ ಇಂಥವೇ. ಆದರೆ ಹೆಚ್ಚಿನವು ಇಂಗ್ಲಿಷಿನವು.

ಕನ್ನಡದ ಕಷ್ಟವೇ ಬೇರೆ. ನಮ್ಮ ಅಕ್ಷರಗಳು ದುಂಡಗಿನವು. ಸುತ್ತ ಕೊರೆದರೆ ನಡುವಿನ ತಗಡು ಕಳಚಿ ಬೀಳುತ್ತದೆ. ಬೀಳದಂತೆ ಅಲ್ಲಲ್ಲಿ ಗೋಧಿ ಕಾಳಿನಷ್ಟು ಕೊರೆಯದೆ ಬಿಡಬೇಕು. ಎಲ್ಲಿ ಬಿಟ್ಟರೆ ಚೆಂದ ಎಂದು ಅಣ್ಣ ಎರಡು ವರ್ಷ ಯೋಚಿಸಿದ. ಕೊನೆಗೆ ಅಕ್ಷರದ ಮೈಯನ್ನೇ ಬೇರೆ, ತಲೆಕಟ್ಟನ್ನೇ ಬೇರೆ ಮಾಡಿಬಿಟ್ಟ. ಮೈಗಳಿಗೆ ಒಂದೊಂದು ತಗಡು, ತಲೆಕಟ್ಟು ಮಾತ್ರ ಎಲ್ಲಕ್ಕೂ ಸೇರಿ ಒಂದೇ. ನಡುವೆ ಉಳಿಯುವ ಸಂದು ನೋಡುವವರಿಗೆ ಗತ್ತಾಗಿ ಕಾಣುತ್ತದೆ ಎನ್ನುತ್ತಿದ್ದ. ಊದುಬತ್ತಿ ಕಾರ್ಖಾನೆಯ ಮ್ಯಾನೇಜರೊಬ್ಬರು ನೋಡಲು ಬರುತ್ತೇನೆಂದರು. ಒಪ್ಪಿಗೆಯಾದರೆ ಅವರ ಪೆಟ್ಟಿಗೆಗಳೆಲ್ಲ ಅಣ್ಣನ ಅಕ್ಷರದಲ್ಲೇ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೊಳೆಗೆ ನೇತುಹಾಕಿದ್ದ ಆ ಸಾಲಿನಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂದು ನನ್ನದೇ ಒಂದು ಲೆಕ್ಕವಿತ್ತು. ತಲೆಕಟ್ಟು ಅಕ್ಷರವೇ ಅಲ್ಲವಲ್ಲ.

ಆಗ ನಲ್ಲಿಯ ಹತ್ತಿರ ದಿನವೂ ಜಗಳ. ಹಿಂದಿನ ಬೀದಿಯವರು ನಮ್ಮ ಸಾಲಿನಲ್ಲಿ ತಮ್ಮ ಬಿಂದಿಗೆ ತೂರಿಸುತ್ತಿದ್ದರು. ಪಕ್ಕದ ಮನೆಯ ಅಕ್ಕ ಒಂದು ದಿನ ಬಂದು, “ಎಲ್ಲಾರ್ದೂ ನೀಲಿ ಬಿಂದಿಗೆನೇ. ಯಾವ್ದು ಯಾರ್ದು ಅಂತ ದೇವ್ರಿಗೂ ಗೊತ್ತಾಗಕಿಲ್ಲ. ನಿಮ್ಮಣ್ಣ ಇಷ್ಟೊಂದ್ ತಗಡು ನೇತಾಕವ್ನೆ, ಒಂದ್ ತತ್ತಾ ಕಣಮ್ಮ, ಗುರ್ತು ಹಾಕ್ಬುಡನ,” ಎಂದರು.

ತಲೆಕಟ್ಟಿನ ತಗಡು ಕೊಟ್ಟೆ. ತಲೆಕೆಳಗಾಗಿ ಹಿಡಿದು ಬಳಿದೆವು. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದದ ಇಳಿಜಾರು ಬಂತು.

“ಬೆಟ್ಟ ಬೆಟ್ಟ ಇದ್ದಂಗದೆ ನೋಡು,” ಎಂದರು ಅಕ್ಕ. “ತಾಯಿ ಚಾಮುಂಡಿನೇ ಬಂದವ್ಳೆ.”

ಅಲ್ಲಿಗೆ ಮುಗಿಯಿತು. ಬೆಟ್ಟದ ಗುರುತಿಲ್ಲದ ಬಿಂದಿಗೆಗೆ ನೀರಿಲ್ಲ ಎಂದಾಯಿತು. ಮುದುಕಿಯೊಬ್ಬರು ತುಂಬಿದ ಬಿಂದಿಗೆಗೆ ಕೈಮುಗಿದೇ ಸೊಂಟಕ್ಕೇರಿಸುತ್ತಿದ್ದರು. ಹಿಂದಿನ ಬೀದಿಯ ಹೆಂಗಸರು ಬಾಳೆಹಣ್ಣು ಹಿಡಿದು ನನ್ನ ಬಳಿ ಬಂದು, “ನಮ್ದಕ್ಕೂ ಒಂದ್ ಬೆಟ್ಟ ಹಾಕ್ಕೊಡ್ರವ್ವ,” ಎನ್ನುತ್ತಿದ್ದರು. ನಾಳೆ ಬನ್ನಿ ಎಂದು ನಾನು ಆಫೀಸಿನವರ ಹಾಗೆ ಹೇಳುತ್ತಿದ್ದೆ. ನನ್ನಿಂದ ಏನಾದರೂ ಬರೆಸಿಕೊಳ್ಳಲು ಜನ ಬಂದದ್ದು ಅದೇ ಮೊದಲು. ತಗಡನ್ನು ವಾಪಸು ಮೊಳೆಗೆ ಹಾಕಲು ಮನಸ್ಸಾಗಲಿಲ್ಲ. ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡೆ. ಅಣ್ಣ ನಮ್ಮ ಬಿಂದಿಗೆ ನೋಡಿ, “ಇದೇನಮ್ಮ?” ಎಂದದ್ದಕ್ಕೆ “ಬೆಟ್ಟ ಕಣಣ್ಣ,” ಎಂದೆ. ಚೆನ್ನಾಗಿದೆ ಎಂದು ನೀರು ಕುಡಿದ.

ಮ್ಯಾನೇಜರು ಬರುವ ಬೆಳಿಗ್ಗೆ ಅಣ್ಣ ಮೊಳೆಗಳನ್ನೆಲ್ಲ ತಡಕಾಡಿದ. “ತಲೆಕಟ್ಟು ಎಲ್ಲಮ್ಮ? ನೋಡಿದ್ಯಾ?”

ತಗಡು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಬಣ್ಣ ಒಣಗಿ ಅದರ ತೂತು ಅರ್ಧ ಕಟ್ಟಿಕೊಂಡಿತ್ತು. ಬೈಸಿಕೊಳ್ಳುವ ಭಯ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ನೀನು ಅದನ್ನ ಕೊರೆದೇ ಇಲ್ಲ ಅನ್ಸುತ್ತೆ ಕಣಣ್ಣ. ಕೊರೀಬೇಕು ಕೊರೀಬೇಕು ಅಂತಿದ್ದೆ ಅಷ್ಟೆ.”

ಅವನು ನನ್ನ ಮುಖ ನೋಡಿದ. ತನ್ನ ಕೈ ನೋಡಿಕೊಂಡ. “ಇರಬಹುದು,” ಎಂದ.

ಹೊಸದು ಕೊರೆಯಲು ಅರ್ಧ ದಿನ ಬೇಕು. ಮ್ಯಾನೇಜರು ಹತ್ತು ಗಂಟೆಗೇ ಬಂದರು. ‘ಗಂಧದ ಸರಕು’ ಎಂದು ಬಳಿಯಬೇಕಿತ್ತು. ಹುಡುಕಿ ನೋಡಿದರೂ ಅದರಲ್ಲಿ ತಲೆಕಟ್ಟಿಲ್ಲದ ಅಕ್ಷರ ಒಂದೂ ಇಲ್ಲ. ಅಣ್ಣ ಮೈಗಳನ್ನಷ್ಟೇ ಬಳಿದ.

“ಏನ್ರೀ ಇದು,” ಎಂದರು ಮ್ಯಾನೇಜರು. “ಮೊದ್ಲು ಲಾಳ, ಇಲ್ಲೊಂದು ಕೋಡುಬಳೆ. ನಾವು ಊದುಬತ್ತಿ ಕಳಿಸ್ತೀವಿ ಕಣ್ರೀ.”

ಅಣ್ಣ ಬೆವರುತ್ತ ಕುಂಚ ಹಿಡಿದು ಒಂದೊಂದಕ್ಕೂ ಕೈಯಲ್ಲೇ ತಲೆಕಟ್ಟು ಇಟ್ಟ. ಮದುವೆಗೆ ಬಂದವರಿಗೆ ಅವಸರದಲ್ಲಿ ಪೇಟ ಸುತ್ತಿದಂತಿತ್ತು.

“ಕೈಯಲ್ಲೇ ಬರಿಯೋದಾದ್ರೆ ತಗಡು ಯಾಕ್ರೀ? ನೂರಾರು ಪೆಟ್ಟಿಗೆ. ಒಂದೊಂದರ ಹಿಂದೇನೂ ನೀವು ಓಡಿ ಬರ್ತೀರಾ?”

ಹೊರಟವರು ನಲ್ಲಿಯ ಮುಂದೆ ನಿಂತರು. ಸಾಲಾಗಿ ಇಪ್ಪತ್ತು ಬಿಂದಿಗೆ, ಇಪ್ಪತ್ತು ಬೆಟ್ಟ. ಬಗ್ಗಿ ಒಂದನ್ನು ಬೆರಳಲ್ಲಿ ಸವರಿದರು. “ಇದು ನೋಡ್ರೀ ಕೆಲಸ ಅಂದ್ರೆ. ಅಂಚು ಎಷ್ಟು ನೀಟಾಗಿದೆ. ಇದನ್ನ ಕೊರೆದವರು ಯಾರು ಅಂತ ಸ್ವಲ್ಪ ವಿಚಾರಿಸಿ ಹೇಳಿ.”

ಅಣ್ಣ ನನ್ನ ಕಡೆ ತಿರುಗಿದ. “ಯಾರಮ್ಮ ಅದು?”

“ಗೊತ್ತಿಲ್ಲ ಕಣಣ್ಣ,” ಎಂದೆ.

ಒಂದು ವಾರ ಅವನು ಆ ಮನುಷ್ಯನನ್ನು ಬೀದಿ ಬೀದಿಯಲ್ಲಿ ಕೇಳಿಕೊಂಡು ತಿರುಗಿದ. ತನಗಿಂತ ಚೆನ್ನಾಗಿ ಕೊರೆಯುವವನೊಬ್ಬ ಇಲ್ಲೇ ಎಲ್ಲೋ ಇದ್ದಾನೆ ಎಂದು ನಂಬಿ ಉಳಿಯನ್ನು ಕಟ್ಟಿಟ್ಟ. ಆಮೇಲೆ ಗ್ಯಾರೇಜೊಂದರಲ್ಲಿ ಕಾರಿಗೆ ಪೇಂಟ್ ಹೊಡೆಯುವ ಕೆಲಸಕ್ಕೆ ಸೇರಿದ. ಕಂಪ್ಯೂಟರಿನಲ್ಲಿ ಸ್ಟಿಕ್ಕರ್ ಕತ್ತರಿಸುವ ಅಂಗಡಿಗಳು ಬಂದ ಮೇಲೆ, “ಹೇಗೂ ನಿಂತೋಗೋದಿತ್ತು ಬಿಡು,” ಎಂದು ನನಗೇ ಸಮಾಧಾನ ಹೇಳಿದ.

ಕೆಲಸ ಹೋದದ್ದನ್ನು ನಾನೂ ಹೇಗೋ ಮರೆತೇನು. ಆದರೆ ಆ ಬೆಳಿಗ್ಗೆಯಿಂದ ಅಣ್ಣ ತನ್ನ ನೆನಪನ್ನು ನಂಬುವುದನ್ನೇ ಬಿಟ್ಟ. ಮನೆಯಿಂದ ಹೊರಟವನು ಗೇಟಿನವರೆಗೆ ಹೋಗಿ ವಾಪಸು ಬರುತ್ತಾನೆ. “ಗ್ಯಾಸ್ ಆಫ್ ಮಾಡಿದೀನಾ ನೋಡಮ್ಮ. ಮಾಡಿದೀನಿ ಅಂತ ಅನ್ಸುತ್ತೆ, ಆದ್ರೆ ನಂದು ನಿಂಗೆ ಗೊತ್ತಲ್ಲ.”

ಅವನು ಆಫ್ ಮಾಡಿರುತ್ತಾನೆ. ಒಂದು ದಿನವೂ ತಪ್ಪಿಲ್ಲ. ನಾನು ಒಳಗೆ ಹೋಗಿ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು, “ಮಾಡಿದೀಯಣ್ಣ,” ಎನ್ನುತ್ತೇನೆ. ಅಷ್ಟನ್ನು ಮಾತ್ರ ನಿಜ ಹೇಳುತ್ತೇನೆ.