‘ಇಳಿತ’ ಕೇಳಿಸಿದ ಕಾಕಾ

ಗಿರಾಕಿ ಕೇಳಿದ ಕ್ಯಾಸೆಟ್ಟನ್ನು ಕೌಂಟರಿನ ಮೇಲಿಟ್ಟು, ಅದರ ಮೇಲೆ ಅಗಲವಾದ ಅಂಗೈ ಊರಿ ನಿಲ್ಲುತ್ತಿದ್ದರು ಚನ್ನಬಸಪ್ಪ ಕಾಕಾ. "ಮೊದಲ ಒಂದು ಹಾಡು ಕೇಳ್ರಿ. ಮುಗಿದ ಮ್ಯಾಲೆ ಒಯ್ಯಿರಿ." ಹುಬ್ಬಳ್ಳಿ ಕೇಶ್ವಾಪುರದ ಆ ಕ್ಯಾಸೆಟ್ ಅಂಗಡಿಯಲ್ಲಿ ಕೇಳಿಸುವ ಹಾಡು ಯಾವಾಗಲೂ ‘ಇಳಿತ’ದ್ದೇ.

ಕಾರವಾರದ ಕಡಲ ದಂಡೆಯ ಮೇಲೆ ವರ್ಷಗಟ್ಟಲೆ ಬಾರಿಸಿಕೊಂಡು ಬಂದ ತಂಡವೊಂದಿತ್ತು. ಜನ ಅದಕ್ಕೆ ಉಸುಕಿನ ಬ್ಯಾಂಡ್ ಅನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ಅವರ ಕುಣಿತದ ಕ್ಯಾಸೆಟ್ಟುಗಳು ಹುಬ್ಬಳ್ಳಿಯ ಟೆಂಪೋಗಳಲ್ಲೆಲ್ಲ ಒದರುತ್ತಿದ್ದವು. ‘ಇಳಿತ’ ಎಂಬ ಅವರ ಒಂದು ಕ್ಯಾಸೆಟ್ ಮಾತ್ರ ಯಾರಿಗೂ ಬೇಡವಾಯಿತು. ಕುಣಿಯಲು ಬರುವಂಥ ಒಂದು ಹಾಡೂ ಅದರಲ್ಲಿರಲಿಲ್ಲ. ನೀರು ಹಿಂದೆ ಸರಿದ ಮೇಲೆ ದಂಡೆಯಲ್ಲಿ ಉಳಿಯುವ ಹೆಂಗಸರು, ಹರಿದ ಬಲೆ, ಒಂದು ಕ್ಲಾರಿನೆಟ್. ಬೇರೆ ಅಂಗಡಿಯವರು ಮಾರಾಟವಾಗದ ಕ್ಯಾಸೆಟ್ಟಿನ ಮೂಲೆಯ ಕಿಂಡಿಗೆ, ಮತ್ತೆ ತುಂಬಲು ಬರುವಂತೆ, ಕಾಗದ ತುರುಕಿ, ಇದ್ದ ಹಾಡು ಅಳಿಸಿ, ಸಿನಿಮಾ ಹಾಡು ತುಂಬಿ ಕೊಟ್ಟರು. ಕಾಕಾ ಅವರ ಬಳಿ ಹೋಗಿ, ಅಳಿಸದೆ ಉಳಿದವನ್ನು ಕೇಳಿ ತಂದರು.

ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ನಾಲಿಗೆ ಮಸೆದುಕೊಂಡಿದ್ದ ನಾನು ಬಿಡುವವಳೇ?

"ಕಾಕಾ, ಯಾರೂ ಕೊಳ್ಳದ್ದು ಛಲೋ ಅಂತ ಹೆಂಗ ಸಿದ್ಧ ಮಾಡ್ತೀರಿ?"

"ಹೋದ ವಾರ ಚರ್ಚಾದಾಗ ಸೋತಿ ಅಲ್ಲ, ವಕೀಲವ್ವಾ? ನೀ ಹೇಳಿದ್ದು ಸುಳ್ಳಿತ್ತೇನು?"

"ಇಲ್ಲ."

"ಮತ್ತ? ಸುಮ್ನ ಕೇಳು."

ಆ ತರ್ಕದಲ್ಲಿ ದೋಷವಿದೆ, ಈಗಲೂ ಹೇಳುತ್ತೇನೆ. ಸೋತದ್ದೆಲ್ಲ ಸತ್ಯವಾಗಿಬಿಡುವುದಿಲ್ಲ. ಆದರೆ ಖಂಡಿಸಬೇಕಾದರೆ ಪೂರ್ತಿ ಕೇಳಬೇಕಲ್ಲ, ಕೇಳಿದೆ. ಎರಡನೇ ಬದಿಯ ಮೂರನೇ ಹಾಡು. ಕ್ಲಾರಿನೆಟ್ ನಿಂತ ಮೇಲೆ ಮುದುಕಿಯೊಬ್ಬಳು ದೋಣಿಯನ್ನು ಹೆಸರು ಹಿಡಿದು ಕರೆಯುತ್ತಾಳೆ, ಅಷ್ಟೇ. ಮರುದಿನ ಮತ್ತೆ ಹೋದೆ, ವಾದಕ್ಕಲ್ಲ. ಉಸುಕಿನ ಬ್ಯಾಂಡಿನ ಕ್ಯಾಸೆಟ್ಟುಗಳಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಒಪ್ಪದವರು ಮೊದಲು ಅದನ್ನು ಕೇಳಿ ಬರಲಿ.

ಒಮ್ಮೆ ದೇಶಪಾಂಡೆ ನಗರದ ಕಾರ್ಯಕ್ರಮಕ್ಕೆ ಬಂದಿದ್ದ ಬ್ಯಾಂಡಿನ ಮುಖ್ಯಸ್ಥರೇ ಅಂಗಡಿಗೆ ಬಂದರು. ಒಳಗೆ ‘ಇಳಿತ’ ಹಾಡುತ್ತಿತ್ತು.

"ಅದನ್ನ ಹಾಕ್ಬೇಡಿ ಮಾರಾಯ್ರೆ. ಅದು ನಾವು ಮಾಡಿದ ತಪ್ಪು."

ಕಾಕಾ ಅವರನ್ನೂ ಬಿಡಲಿಲ್ಲ. "ಮಾಡಿದವ್ರು ನೀವು, ಖರೆ. ಕೇಳಿದಾಂವ ನಾ. ನಿಮಗಿಂತ ಹೆಚ್ಚು ಸಲ ಕೇಳೇನಿ. ನಿಂದರ್ರಿ, ಮುಗೀಲಿ."

ಅವರು ನಿಂತರು. ಹಾಡು ಮುಗಿದ ಮೇಲೆಯೇ ಹೊರಟರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕ್ಯಾಸೆಟ್ ಕೇಳುವವರೇ ಇಲ್ಲವಾದರು. ಕಾಕಾ ಅಂಗಡಿ ಮುಚ್ಚಲಿಲ್ಲ. ಒಂದು ಬೇಸಿಗೆಯಲ್ಲಿ ತಾವೇ ತೀರಿಹೋದರು. ಅದೇ ವರ್ಷ ಉಸುಕಿನ ಬ್ಯಾಂಡ್ ಊರಿಗೆ ಬಂತು. ಎರಡು ಹಾಡುಗಳ ನಡುವೆ ನಾನು ಮುಂದಿನ ಸಾಲಿನಲ್ಲಿ ಎದ್ದು ನಿಂತು, "‘ಇಳಿತ’, ಎರಡನೇ ಬದಿ, ಮೂರನೇ ಹಾಡು" ಎಂದು ಕೂಗಿದೆ.

"ಕೂಡಬೇ, ಯಾರಿಗೆ ಬೇಕಾಗೇತಿ ಅದು," ಅಂದ ಹಿಂದಿನವನು.

ಮುಖ್ಯಸ್ಥರು ಮೈಕಿಗೆ ಕೈ ಅಡ್ಡ ಹಿಡಿದು ಬಗ್ಗಿ ಕೇಳಿದರು:

"ಕೇಶ್ವಾಪುರದ ಆ ಅಂಗಡಿ ಕಡೆಯವರಾ?"

"ಹೌದ್ರಿ."

ಅವರು ಕ್ಲಾರಿನೆಟ್ ಹಿಡಿದವನ ಕಡೆ ತಿರುಗಿದರು. ಹಾಡು ಮುಗಿಯುವವರೆಗೆ ನಾನು ಕೂಡಲಿಲ್ಲ.